ಎಲ್ಲರೂ ಐದು ಹಾಕಿದ ಹಾಳೆಗಳು

ಸಂಶೋಧನೆಗೆ ಇಳಿಯುವವರಿಗೆ ನಾನು ಮೊದಲು ಹೇಳುವ ಬುದ್ಧಿಮಾತು ಒಂದೇ. ನಿಮ್ಮ ಮೇಲೆ ಪ್ರೀತಿ ಇರುವವರ ಕೈಗೆ ಪ್ರಶ್ನಾವಳಿ ಕೊಟ್ಟು ಬರಬೇಡಿ. ಯಾವ ಪಠ್ಯಪುಸ್ತಕದಲ್ಲೂ ಇದನ್ನು ನಾನು ಓದಲಿಲ್ಲ. ಕಲಿಸಿದ್ದು ಹಳೇಬೀಡಿನಲ್ಲಿ ಸೌತೆಕಾಯಿ ಮಾರುತ್ತಿದ್ದ ಒಬ್ಬ ಅಜ್ಜಿ.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಅರಸೀಕೆರೆಯ ಕಾಲೇಜೊಂದರಲ್ಲಿ ಮ್ಯಾನೇಜ್‌ಮೆಂಟ್ ಪಾಠ ಮಾಡುತ್ತಿದ್ದೆ. ಗಂಡಸಿ ಸಂತೆಯಲ್ಲಿ ಅವ್ವನ ಪಕ್ಕ ಕೂತು ವೀಳ್ಯದೆಲೆ ಮಾರಿ, ಆಮೇಲೆ ಟೈಪಿಂಗ್ ಕೆಲಸ ಮಾಡಿಕೊಂಡು, ಅಂಚೆ ಶಿಕ್ಷಣದಲ್ಲಿ ಎಂ.ಕಾಂ. ಮುಗಿಸಿದವಳು ನಾನು. ಚೌಕಾಸಿ ನನಗೆ ಅವ್ವನ ಕಡೆಯಿಂದ ಬಂದ ಆಸ್ತಿ. ಪಿಎಚ್.ಡಿ.ಗೂ ಅದನ್ನೇ ಆರಿಸಿಕೊಂಡೆ. ಬೇಲೂರು, ಹಳೇಬೀಡಿನ ಗುಡಿಗಳ ಮುಂದೆ ಕೂರುವ ಸಣ್ಣ ವ್ಯಾಪಾರಿಗಳು, ಮತ್ತೆಂದೂ ಬಾರದ ಗಿರಾಕಿಗೆ ಬೆಲೆ ಹೇಳುವಾಗ ಎಷ್ಟು ನಿಜ ಹೇಳುತ್ತಾರೆ? ಇದು ನನ್ನ ಪ್ರಶ್ನೆ.

ಅಜ್ಜಿಯ ಅಂಗಡಿ ಎಂದರೆ ಬಸ್ತಿಹಳ್ಳಿಯ ದಾರಿ ತಿರುಗುವಲ್ಲಿ ಒಂದು ಬುಟ್ಟಿ, ಒಂದು ಹರಿದ ಛತ್ರಿ, ಉಪ್ಪುಖಾರದ ಡಬ್ಬಿ. ಬಸ್ಸಿಗೆ ಕಾಯುವಾಗ ನಾನು ಅಲ್ಲೇ ಕೂರುತ್ತಿದ್ದೆ. ನಾನು ಓದಿದವಳು, ಇನ್ನೂ ಪರೀಕ್ಷೆ ಕಟ್ಟುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು. ‘ಇಷ್ಟು ವಯಸ್ಸಾದ್ರೂ ನಿನ್ನ ಪಾಸ್ ಮಾಡಿಲ್ವಲ್ಲ ಇವ್ರು’ ಎಂದು ಮರುಗುತ್ತಿದ್ದಳು.

ನನ್ನ ಹಾಳೆಯಲ್ಲಿ ಇಪ್ಪತ್ತು ವಾಕ್ಯಗಳಿದ್ದವು. ಸ್ವಲ್ಪವೂ ಒಪ್ಪದಿದ್ದರೆ ಒಂದು, ಪೂರ್ತಿ ಒಪ್ಪಿದರೆ ಐದು ಹಾಕಬೇಕು. ಮನೆಮನೆಗೆ ಹೋಗುವ ಹಾಗೆ ಅಂಗಡಿ ಅಂಗಡಿಗೆ ಹೋಗಿ, ಎದುರು ಕೂತು ತುಂಬಿಸಬೇಕಾದ ಕೆಲಸ ಅದು. ಅದೇ ವಾರ ಕಾಲೇಜಿನಲ್ಲಿ ಪರೀಕ್ಷೆಗಳ ಮೇಲ್ವಿಚಾರಣೆ ಬಿತ್ತು. ಅಜ್ಜಿ ತಾನಾಗಿಯೇ ಕೈ ಚಾಚಿದಳು.

‘ಇಲ್ಲಿ ಕೊಡವ್ವ. ಎಲ್ಲಾ ನಮ್ಮೋರೇ. ಬೇಲೂರಿಂದು ನನ್ ತಂಗಿ ನೋಡ್ಕತಾಳೆ, ಅಲ್ಲೇ ಗುಡಿ ಮುಂದೆ ಹೂವ ಮಾರ್ತಾಳೆ.’

ಕೊಟ್ಟು ಬಂದೆ. ಎರಡು ವಾರಕ್ಕೆ ಕಟ್ಟು ವಾಪಸು ಬಂತು, ಒಂದು ಹಾಳೆಯೂ ತಪ್ಪಿಸಿಕೊಂಡಿರಲಿಲ್ಲ. ನನ್ನ ಚಾಲಾಕಿತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಭಾನುವಾರ ಬಿಡಿಸಿ ನೋಡುತ್ತೇನೆ, ಮೇಲಿಂದ ಕೆಳಗೆ ಐದು, ಐದು, ಐದು. ‘ನಾನು ಎಂದೂ ಹೆಚ್ಚು ಬೆಲೆ ಹೇಳಿದವನಲ್ಲ’ ಎಂಬುದಕ್ಕೂ ಐದು. ‘ಹೊರಗಿನವರು ಬಂದರೆ ಬೆಲೆ ಏರಿಸುತ್ತೇನೆ’ ಎಂಬುದಕ್ಕೂ ಐದು. ಜನ ಓದಿ ಉತ್ತರಿಸುತ್ತಾರೋ ಇಲ್ಲವೋ ತಿಳಿಯಲೆಂದೇ ಇಂಥ ಎದುರುಬದರು ವಾಕ್ಯಗಳನ್ನು ಇಡುವುದು. ಮಾರನೇ ದಿನ ಹಳೇಬೀಡಿನ ಬಸ್ಸು ಹತ್ತಿದೆ.

‘ಅಜ್ಜಿ, ಎಲ್ರೂ ಐದೇ ಹಾಕವ್ರಲ್ಲ?’

‘ಹಾಕ್ದೆ ಮತ್ತೆ? ಆ ಕಲ್ಲು ಬೊಂಬೆ ಮಾರೋನೊಬ್ಬ ಮೂರು ಹಾಕಿದ್ದ ಕಣವ್ವ. ನಮ್ ಹುಡ್ಗಿ ಪರೀಕ್ಷೆ ಐತೆ, ಎರಡು ಮಾರ್ಕು ಜಾಸ್ತಿ ಕೊಟ್ರೆ ನಿಮ್ಮಪ್ಪನ ಗಂಟೇನ್ಲಾ ಹೋಯ್ತದೆ ಅಂತ ಉಗಿದೆ. ತಿದ್ದಿಕೊಟ್ಟ.’ ಆಮೇಲೆ ದನಿ ತಗ್ಗಿಸಿ ಕೇಳಿದಳು, ‘ಫಸ್ಟ್ ಕ್ಲಾಸ್ ಬತ್ತದಾ?’

ನಗು ಬಂತು. ಅವರಿಗೆ ಐದೆಂದರೆ ಅಂಕ. ನನ್ನ ಪರೀಕ್ಷೆಗೆ ಎರಡೂರಿನ ಅಂಗಡಿಗಳು ಸೇರಿ ಪೂರ್ತಿ ಅಂಕ ಹಾಕಿದ್ದವು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥರ ಹುದ್ದೆ ಖಾಲಿಯಾಗುವುದಿತ್ತು. ಜೂನ್ ಒಳಗೆ ಪ್ರಬಂಧ ಸಲ್ಲಿಸಿದರೆ ನನಗೆ, ಇಲ್ಲದಿದ್ದರೆ ಇನ್ನೊಬ್ಬರಿಗೆ. ಆ ಕುರ್ಚಿಯ ಮೇಲೆ ನನಗೆ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಯಾವ ಕಿಟಕಿಯ ಕಡೆ ಮೇಜು ಹಾಕಿಸಬೇಕೆಂಬುದನ್ನೂ ನಿರ್ಧರಿಸಿಕೊಂಡಿದ್ದೆ.

ನನ್ನ ಮಾರ್ಗದರ್ಶಕರು ಸಂಭಾವಿತರು. ಹಾಳೆಗಳನ್ನು ತಿರುವಿ ನೋಡಿ ಕನ್ನಡಕ ತೆಗೆದರು. ‘ಬೆಲೆ ಏರಿಸೋ ಪ್ರಶ್ನೆಗಳನ್ನ ಕೈಬಿಡಿ. ಉಳಿದಿದ್ದು ಚೆನ್ನಾಗೇ ಇದೆ. ಸಣ್ಣ ವ್ಯಾಪಾರಿಗಳು ಪ್ರಾಮಾಣಿಕರು ಅಂತ ಬರುತ್ತೆ. ಕೆಟ್ಟ ಮಾತೇನಲ್ವಲ್ಲಮ್ಮ?’

ಕೆಟ್ಟ ಮಾತಲ್ಲ, ನಿಜ. ಅವರಲ್ಲಿಂದ ಅರಸೀಕೆರೆಗೆ ಮರಳುವ ಬಸ್ಸಿನಲ್ಲಿ ಬಾಣಾವರ ದಾಟುವವರೆಗೂ ನಾನು ಹೌದೆಂದೇ ಲೆಕ್ಕ ಹಾಕುತ್ತಿದ್ದೆ. ಆದರೆ ಮನಸ್ಸು ಒಂದು ಕಡೆ ಕಚ್ಚಿಕೊಂಡಿತ್ತು. ಆ ಐದುಗಳು ಅವರು ನನಗೆ ಕೊಟ್ಟ ಉಡುಗೊರೆ. ಮಡಿಲಿಗೆ ಹಾಕಿದ ಬಾಗಿನವನ್ನು ಅಂಗಡಿಯಲ್ಲಿಟ್ಟು ಮಾರಿದರೆ ಅವ್ವ ಏನನ್ನುತ್ತಿದ್ದಳು? ಅದನ್ನೇ ಸಂಶೋಧನೆ ಎಂದು ಮಾರಿ, ನಾಳೆ ಅದೇ ಕುರ್ಚಿಯಲ್ಲಿ ಕೂತು ಮಕ್ಕಳಿಗೆ ನೀತಿಯ ಪಾಠ ಹೇಳುವುದು ಹೇಗೆ?

ಮುಂದಿನ ವಾರ ಮಾರ್ಗದರ್ಶಕರ ಮುಂದೆ ಕೂತು, ಹಾಳೆಗಳನ್ನು ಬಿಟ್ಟು ಅಂಗಡಿಗಳ ಪಕ್ಕದಲ್ಲೇ ಕೂತು ವ್ಯಾಪಾರ ನೋಡಿ ಬರೆಯಲು ಎರಡು ವರ್ಷ ಕೇಳಿದೆ. ಬೇಕಿದ್ದದ್ದು ಒಂದು. ಕೇಳಿದ ಮೇಲೆ ತೆಪ್ಪಗೆ ಕೂತೆ. ಇದೂ ಕಲಿತುಕೊಳ್ಳಿ, ಕೇಳಿದವರು ಮತ್ತೆ ಬಾಯಿ ಬಿಟ್ಟರೆ ವ್ಯಾಪಾರ ಕೆಟ್ಟಿತು. ಕೊನೆಗೆ ಅವರು, ‘ಒಂದು ವರ್ಷ. ಹುದ್ದೆ ಹೋಗುತ್ತೆ, ಗೊತ್ತಲ್ಲ?’ ಎಂದರು.

ಗೊತ್ತಿತ್ತು. ಹೋಯಿತು. ಬಂದವರು ನನಗಿಂತ ಕಿರಿಯರು. ಅವರ ಮೇಜನ್ನು ಆ ಕಿಟಕಿಯ ಕಡೆಗೇ ಹಾಕಿಸಿದ್ದರು. ಎರಡು ದಿನ ಆ ಕೋಣೆಯ ಮುಂದೆ ಹಾಯದೆ ಸುತ್ತುಬಳಸಿ ತರಗತಿಗೆ ಹೋದೆ. ಮೂರನೇ ದಿನ ಹೊತ್ತಾಗಿತ್ತು, ನೇರ ಹೋದೆ.

ಉಳಿದದ್ದು ಅಜ್ಜಿಗೆ ಹೇಳುವ ಕಷ್ಟ. ತನ್ನ ಉಪಕಾರವೇ ನನಗೆ ಅಡ್ಡಿಯಾಯಿತೆಂದು ತಿಳಿದರೆ ಆ ಜೀವ ಎಷ್ಟು ನೊಂದೀತು? ಬುಟ್ಟಿಯ ಪಕ್ಕ ಕೂತೊಡನೆ ಕೇಳಿಯೇ ಬಿಟ್ಟಳು.

‘ಏನಾಯ್ತೇ, ಪಾಸಾ?’

‘ಒಂದು ಪಾಸಾಯ್ತು ಅಜ್ಜಿ. ಇನ್ನೊಂದು ಐತಂತೆ. ಅದ್ರಲ್ಲಿ ಹಾಳೆ ಇಲ್ಲ. ಸುಮ್ನೆ ಕೂತು ವ್ಯಾಪಾರ ನೋಡ್ಬೇಕಂತೆ.’

ನಿಜ ಹೇಳುವವರ ಕುರಿತು ಪ್ರಬಂಧ ಬರೆಯುತ್ತಿದ್ದವಳು ಹೇಳಿದ ಸುಳ್ಳು ಇದು. ಇಂದಿಗೂ ಅದಕ್ಕೆ ಪಶ್ಚಾತ್ತಾಪವಿಲ್ಲ.

‘ಎಷ್ಟು ದಿನ ಕೂರ್ಬೇಕು?’

‘ಒಂದು ವರ್ಷ.’

‘ಅಯ್ಯೋ ಶಿವನೇ, ಎಂಥಾ ಪರೀಕ್ಷೆನೇ ಇದು! ಹಂಗಾರೆ ಅತ್ಲಾಗೆ ಸರ್ಕಂಡು ಕುಂತ್ಕ. ಗಿರಾಕಿ ನಿಲ್ಲೋ ಜಾಗ ಅದು.’

ಸರಿದು ಕೂತೆ. ಪ್ರವಾಸಿ ಬಸ್ಸೊಂದು ಬಂದು ನಿಂತಿತು. ತಂಪು ಕನ್ನಡಕ ಹಾಕಿದವನೊಬ್ಬ ಇಳಿದು ಬಂದು ಸೌತೆಕಾಯಿ ಎಷ್ಟೆಂದು ಕೇಳಿದ. ಅಜ್ಜಿ ಬಾಯಿ ತೆರೆದವಳು ನನ್ನ ಮುಖ ನೋಡಿ ಹಾಗೆಯೇ ಮುಚ್ಚಿದಳು. ಚಾಕು ಒರೆಸಿದಳು. ಖಾರದ ಡಬ್ಬಿ ಕುಟ್ಟಿದಳು. ಆತ ಮತ್ತೊಮ್ಮೆ ಕೇಳಿದ.

‘ನೀನು ಒಸಿ ಅತ್ಲಾಗ್ ತಿರೀಕ್ಕಳೇ’ ಎಂದಳು ಮೆಲ್ಲಗೆ, ನಾಚಿಕೊಂಡು.

ನಾನು ಕೆರೆಯ ಕಡೆಗೆ ತಿರುಗಿ ಕೂತೆ. ಬೆನ್ನ ಹಿಂದೆ ಅಜ್ಜಿ ಬೆಲೆ ಹೇಳುವುದು ಸ್ಪಷ್ಟವಾಗಿ ಕೇಳಿಸಿತು.