ಹಲ್ಲಿನ ಸಂದಿಯ ಲಾಕು

ನಮ್ಮ ಡ್ರೈವರಣ್ಣನ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದಿ ಇತ್ತು. ಹುಟ್ಟಿನಿಂದ ಬಂದದ್ದಲ್ಲ, ಕಬ್ಬಿಣ ಕಚ್ಚಿ ಕಚ್ಚಿ ಆದದ್ದು. ಸರಿಯಾಗಿ ಒಂದು ದಪ್ಪ ತಂತಿ ಕೂರುವಷ್ಟು ಅಗಲ. ಟ್ರ್ಯಾಕ್ಟರಿಗೆ ಟ್ರೈಲರ್ ಕಟ್ಟುವಾಗ ಹಿಂದಿನ ಕೊಕ್ಕೆಯಲ್ಲಿ ಗೂಟದಂಥ ಪಿನ್ನು ಇಳಿಸುತ್ತಾರಲ್ಲ, ಆ ಪಿನ್ನು ಕುಲುಕಾಟಕ್ಕೆ ಮೇಲೆ ನೆಗೆಯದ ಹಾಗೆ ಅದರ ತುದಿಯ ತೂತಿಗೆ ದಪ್ಪ ತಂತಿ ಬಗ್ಗಿಸಿದ ಒಂದು ಸಣ್ಣ ಲಾಕು ಹಾಕುತ್ತಾರೆ. ಹಾಕುವ ತನಕ ಆ ಲಾಕು ಇರುತ್ತಿದ್ದದ್ದು ಅವರ ಹಲ್ಲಿನ ಸಂದಿಯಲ್ಲಿ. ಜೇಬಿಗೆ ಹಾಕುತ್ತಿರಲಿಲ್ಲ, ಸೀಟಿನ ಮೇಲೆ ಇಡುತ್ತಿರಲಿಲ್ಲ, ಇನ್ನೊಬ್ಬರ ಕೈಗೂ ಕೊಡುತ್ತಿರಲಿಲ್ಲ. ದೂರದಿಂದ ನೋಡಿದವರು ಬೀಡಿ ಕಚ್ಚಿದ್ದಾರೆ ಎಂದುಕೊಳ್ಳಬೇಕು, ಹಾಗೆ.

ನಾನು ಮೂರನೇ ಕ್ಲಾಸು ಓದಿದವಳು. ಬರೆಯುವುದು ಎಂದರೆ ಸಾಮಾನಿನ ಚೀಟಿ ಬಿಟ್ಟರೆ ಗೊತ್ತಿಲ್ಲ. ಆದರೆ ಮೊನ್ನೆ ಅರಸೀಕೆರೆಯಲ್ಲಿ ನನ್ನ ಮೊಮ್ಮಗಳು ಮಾಡಿದ ಒಂದು ಕೆಲಸ ನೋಡಿ ಬಂದ ಮೇಲೆ ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ, ನಿದ್ದೆಯೂ ಬರುತ್ತಿಲ್ಲ. ಅದನ್ನು ಹೇಳಬೇಕಾದರೆ ಮೊದಲು ಅವರನ್ನು ಹೇಳಬೇಕು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಿ, ನಾನಂತೂ ಬರೆದೇ ಬಿಡುತ್ತೇನೆ.

ನಮ್ಮೂರು ಜಾವಗಲ್ಲಿಂದ ಹಳೇಬೀಡಿಗೆ ಹೋಗುವ ಕಡೆ, ಕೈ ಅಡ್ಡ ಹಿಡಿದರೆ ಮಾತ್ರ ಬಸ್ಸು ನಿಲ್ಲುವ ಊರು. ಅವರ ಹಿತ್ತಲು ನಮ್ಮ ಹಿತ್ತಲಿಗೆ ತಾಗಿಕೊಂಡೇ ಇತ್ತು. ಅರಸೀಕೆರೆಯ ಕೊಬ್ಬರಿ ಸಾಹುಕಾರರೊಬ್ಬರ ಟ್ರ್ಯಾಕ್ಟರನ್ನು ಪ್ರಾಯದಿಂದ ಹಿಡಿದು ಕೂದಲು ಬೆಳ್ಳಗಾಗುವ ತನಕ ಓಡಿಸಿ, ಆಮೇಲೆ ಊರಿಗೆ ಬಂದು ಕೂತಿದ್ದರು. ಊರಿಗೆಲ್ಲ ಅವರು ಡ್ರೈವರಣ್ಣ. ಅವರಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು. ಹೆಗಲ ಮೇಲೆ ಒಂದು ಕೆಂಪು ಟವಲ್ಲು, ಉಗುರಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಗ್ರೀಸು. ಮದುವೆ ಮನೆಗೆ ಹೋದರೂ ಮೊದಲು ಹೊರಗೆ ನಿಂತ ಟ್ರ್ಯಾಕ್ಟರುಗಳ ಹಿಂದೆ ಬಗ್ಗಿ ಬಗ್ಗಿ ನೋಡುವರು. ಲಾಕಿನ ಬದಲು ಯಾರಾದರೂ ಮೊಳೆ ಬಗ್ಗಿಸಿ ಸಿಕ್ಕಿಸಿದ್ದು ಕಂಡರೆ ನೆಟ್ಟಗೆ ಊಟದ ಸಾಲಿಗೇ ಬಂದುಬಿಡುವರು.

"ಯಾರ್ದ್ಲಾ ಆ ನೀಲಿ ಗಾಡಿ? ಏಳ್ಲಾ ಎಲೆ ಮುಂದಿಂದ!"

"ಡ್ರೈವರಣ್ಣ, ಪಾಯಸ ಬತ್ತಾ ಐತೆ..."

"ಪಾಯ್ಸ ಕುಡಿಯಾಕೆ ನೀನಿರ್ತೀಯ. ದಾರೀಲಿ ನಿನ್ನ ಹಿಂದೆ ಬರೋನು ಇರ್ಬೇಕಲ್ಲ? ಏಳು."

ಬಾಯಲ್ಲಿ ಲಾಕು ಇದ್ದಾಗ ಮಾತ್ರ ಅವರು ಮೂಗರು. ದೇವರೇ ಬಂದು ಕೇಳಿದರೂ ಉತ್ತರ ಇಲ್ಲ. ಅದಕ್ಕೆ ಕಾರಣ ಇತ್ತು, ಒಂದು ಸಲ ನನಗೆ ಹೇಳಿದ್ದರು. ಇನ್ನೂ ಮೀಸೆ ಚಿಗುರುವ ವಯಸ್ಸಂತೆ. ಗಂಡಸಿ ಹತ್ತಿರದ ಒಂದು ಏರಿನಲ್ಲಿ ತೆಂಗಿನಕಾಯಿ ತುಂಬಿದ ಟ್ರೈಲರ್ ಕಟ್ಟುತ್ತಿದ್ದರು. ಪಿನ್ನು ಇಳಿಸಿದರು, ಲಾಕು ಕೈಯಲ್ಲೇ ಇತ್ತು. ಸೀಟಿನ ಮೇಲಿದ್ದವನು "ಆಯ್ತೇನ್ಲಾ?" ಎಂದ. ಅಭ್ಯಾಸಬಲ, ಇವರ ಬಾಯಿಂದ "ಆಯ್ತು, ಹೋಗು" ಎಂದು ಬಂದೇಬಿಟ್ಟಿತು. ಟ್ರ್ಯಾಕ್ಟರು ಎರಡು ಮಾರು ಹತ್ತಿತು, ಪಿನ್ನು ನೆಗೆದು ಆಚೆ ಬಿತ್ತು, ಟ್ರೈಲರು ಹಿಂದಕ್ಕೆ ಇಳಿಯಿತು. ರಸ್ತೆಬದಿಯಲ್ಲಿ ಮಜ್ಜಿಗೆ ಮಡಕೆ ಇಟ್ಟುಕೊಂಡು ಕೂತಿದ್ದ ಒಬ್ಬ ಮುದುಕಿಯ ಸೆರಗನ್ನು ಸವರಿಕೊಂಡು ಹೋಗಿ ರಾಗಿ ಹೊಲದಲ್ಲಿ ನಿಂತಿತು.

"ಮಡಕೆ ಚೂರಾಯ್ತು. ಆವಮ್ಮ ಬದುಕ್ತು. ಒಂದು ಗೇಣು ಕಣವ್ವಾ, ಒಂದೇ ಗೇಣು," ಎಂದು ಅವರು ಕೈಯಗಲಿಸಿ ತೋರಿಸಿದ್ದರು. "ಅವತ್ತಿಂದ ಲಾಕು ಬಾಯ್ಗೆ. ಅದು ಕೊಕ್ಕೆಗೆ ಹೋಗೋಗಂಟ ಬಾಯಿಂದ ಆಯ್ತು ಅನ್ನೋ ಮಾತು ಬರಬಾರ್ದು. ಬರಾಕೇ ಆಗಬಾರ್ದು."

ನನಗೆ ಅವರ ಹತ್ತಿರ ಹೋಗುವ ಕಾಲ ಬಂದದ್ದು ನನ್ನ ನಲವತ್ತೆಂಟನೇ ವಯಸ್ಸಿನಲ್ಲಿ. ನಮ್ಮ ಯಜಮಾನರು ಅಟ್ಟದಿಂದ ಬಿದ್ದು ಸೊಂಟ ಮುರಿದುಕೊಂಡರು. ಇನ್ನು ಟ್ರ್ಯಾಕ್ಟರ್ ಹತ್ತುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ ಎಂದು ಹಾಸನದ ಡಾಕ್ಟರು ಹೇಳಿಬಿಟ್ಟರು. ನಮಗೆ ಇರುವವಳು ಒಬ್ಬಳೇ ಮಗಳು, ಅವಳನ್ನು ಹಳೇಬೀಡಿಗೆ ಕೊಟ್ಟಾಗಿತ್ತು. ಟ್ರ್ಯಾಕ್ಟರು ಕೊಟ್ಟಿಗೆಯಲ್ಲಿ ನಿಂತಿತು. ಒಂದು ದಿನ ಯಜಮಾನರ ಅಣ್ಣ, ಎಂದರೆ ನಮ್ಮ ಭಾವ, ಬಂದು ಜಗಲಿಯ ಮೇಲೆ ಕೂತರು.

"ಗಾಡಿ ನಮ್ಮ ಶೆಡ್ಡಿಗೆ ಹೊಡ್ಕೊಂಡು ಹೋಗ್ತೀನಿ. ಇಲ್ಲಿಟ್ಕೊಂಡು ಏನ್ ಮಾಡ್ತೀರಾ, ಕೋಳಿ ಕೂರುಸ್ತೀರಾ?"

ಯಜಮಾನರು ಗೋಡೆ ಕಡೆ ತಿರುಗಿ ಮಲಗಿದರು. ಆ ಬೆನ್ನು ನೋಡಿ ನನಗೆ ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ. "ನಾನು ಓಡಿಸ್ತೀನಿ ಭಾವ್ನೋರೆ," ಎಂದೆ.

ಅವರು ನಕ್ಕರು. "ಓಡ್ಸಾದು ಯಾರಾದ್ರೂ ಓಡುಸ್ತಾರೆ ಕಣವ್ವಾ. ತುಂಬಿದ ಟ್ರೈಲರ್ ಕಟ್ಟಾದು ಯಾರು? ಬಿಚ್ಚಾದು ಯಾರು? ಇಬ್ರು ಗಂಡಸರು ಬೇಕು ಅದುಕ್ಕೆ. ಒಬ್ಳೇ ಕಟ್ಟಿ ಬಿಚ್ಚಿಬಿಡು, ಗಾಡಿ ಸುದ್ದಿಗೇ ಬರಾಕಿಲ್ಲ ನಾನು."

"ಈ ಸಲದ ಕಾಯಿ ಕೀಳೋ ದಿನ ಬನ್ನಿ. ಬಂದು ನೋಡಿ."

ಹೇಳಿದ್ದೇನೋ ಹೇಳಿದೆ. ಅವರು ಹೋದ ಮೇಲೆ ಹಿತ್ತಲ ಬೇಲಿ ಹತ್ತಿರ ಹೋಗಿ ನಿಂತೆ. ಡ್ರೈವರಣ್ಣ ಸೋರೆಬಳ್ಳಿಗೆ ಚಪ್ಪರ ಕಟ್ಟುತ್ತಿದ್ದರು. ಜಗಲಿ ಮೇಲಿನ ಮಾತೆಲ್ಲ ಅವರ ಕಿವಿಗೂ ಬಿದ್ದಿತ್ತು.

"ಅಣ್ಣಾ, ನಂಗೆ ಕಲಿಸ್ಕೊಡ್ತೀರಾ?"

ಅವರು ಹಗ್ಗದ ಗಂಟು ಹಾಕಿ ಮುಗಿಸಿ, "ಸೀರೆ ಮೇಲೆ ನಿಮ್ಮ ಯಜಮಾನ್ರ ಶರ್ಟು ಹಾಕ್ಕಂಡ್ ಬಾ. ಸೆರಗು ಗಾಲಿಗೆ ಸಿಕ್ಕಂಡ್ರೆ ನಾನು ಜವಾಬ್ದಾರ ಅಲ್ಲ," ಎಂದರು. ಅಷ್ಟೇ. ಆಗುತ್ತೋ ಇಲ್ಲವೋ ಎಂದು ಅವರು ಯಾವತ್ತೂ ಕೇಳಲಿಲ್ಲ, ನೋಡಿ. ಊರೆಲ್ಲ ಅದನ್ನೇ ಕೇಳುತ್ತಿತ್ತು.

ಓಡಿಸುವುದು ಹದಿನೈದು ದಿನಕ್ಕೆ ಬಂತು. ಹಿಂದಕ್ಕೆ ಹೋಗಿ ಟ್ರೈಲರಿನ ಮೂತಿಗೆ ಸರಿಯಾಗಿ ನಿಲ್ಲಿಸುವುದಿದೆಯಲ್ಲ, ಅದು ನನ್ನ ಜೀವ ತಿಂದಿತು. ಮೂತಿಯ ಬಳೆ ಬಂದು ಕೊಕ್ಕೆಯ ಎರಡು ತುಟಿಗಳ ನಡುವೆ ಕೂರಬೇಕು, ಮೇಲಿನ ತೂತು ಕೆಳಗಿನ ತೂತು ಒಂದೇ ಆಗಬೇಕು. ಬೆರಳಗಲ ಆಚೀಚೆ ಆದರೂ ಪಿನ್ನು ಇಳಿಯುವುದಿಲ್ಲ. ಇಬ್ಬರಿದ್ದರೆ ಒಬ್ಬರು ಹೇಳುತ್ತಾರೆ, ಒಬ್ಬರು ಓಡಿಸುತ್ತಾರೆ. ಒಬ್ಬಳೇ ಆದರೆ ಇಳಿದು ನೋಡಬೇಕು, ಹತ್ತಬೇಕು, ಮತ್ತೆ ಇಳಿಯಬೇಕು. ಮೊದಲ ದಿನ ಹದಿನೇಳು ಸಲ ಹತ್ತಿ ಇಳಿದೆ. ದಾರಿಯಲ್ಲಿ ಹೋಗುವವರೆಲ್ಲ ನಿಂತು ನಗುತ್ತಿದ್ದರು. ಅಣ್ಣ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು.

"ಅಣ್ಣಾ, ಎಲ್ರೂ ನೋಡ್ತಾವ್ರೆ."

"ನೋಡ್ಲಿ ಬಿಡು. ಬಸ್ಸು ಬರೋಗಂಟ ಅವರ್ಗೂ ಕೆಲ್ಸ ಇಲ್ಲ. ನೀನು ಇಳಿ. ನೋಡು. ಹತ್ತು. ಇಪ್ಪತ್ತು ಸಲ ಇಳುದ್ರೆ ಅವಮಾನ ಇಲ್ಲ. ಇಳೀದೆ ಅಂದಾಜಲ್ಲಿ ಗುದ್ದುದ್ರೆ ಅವಮಾನ."

ಬಳೆಯ ಹಿಂದೆ ಒಂದು ತೆಂಗಿನ ಗರಿಯ ಕಡ್ಡಿ ನೆಡುವರು. ಕಡ್ಡಿಯನ್ನೇ ನೋಡಿಕೊಂಡು ಹಿಂದೆ ಬರಬೇಕು. ಎಷ್ಟು ಕಡ್ಡಿ ಮುರಿದೆನೋ, ಒಂದು ಪೊರಕೆ ಆಗುತ್ತಿತ್ತು. ಗಂಡಸರು ಭುಜ ಕೊಟ್ಟು ಮೂತಿ ಎತ್ತುವುದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಜಾಕಿ ತಿರುಗಿಸಿದರೆ ಮಕ್ಕಳು ಕೂಡ ಎತ್ತಬಹುದು, ಶಕ್ತಿ ತೋರಿಸಬೇಕಿದ್ದರೆ ಗರಡಿಗೆ ಹೋಗಲಿ ಎನ್ನುವರು. ಲಾಕನ್ನು ನನ್ನ ಬಾಯಿಗೂ ಇಡಿಸಿದರು. ನನ್ನ ಹಲ್ಲಿನಲ್ಲಿ ಸಂದಿ ಇಲ್ಲ, ತುಟಿಯಲ್ಲಿ ಹಿಡಿದೆ. ಕಬ್ಬಿಣ, ಗ್ರೀಸು, ಮಣ್ಣು, ಎಲ್ಲ ಸೇರಿದ ರುಚಿ. ಆ ವಾರವೆಲ್ಲ ಮುದ್ದೆಗೂ ಅದೇ ವಾಸನೆ.

ಕಾಯಿ ಕೀಳುವ ದಿನ ಬಂತು. ತೋಟದಲ್ಲಿ ತುಂಬಿದ ಟ್ರೈಲರು. ಭಾವ ಬಂದರು, ಅವರ ಹಿಂದೆ ಅರ್ಧ ಊರು ಬಂತು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ನಮ್ಮ ಯಜಮಾನರೂ ಬಂದು ಮರಕ್ಕೆ ಒರಗಿ ನಿಂತರು. ಡ್ರೈವರಣ್ಣ ದೂರದಲ್ಲಿ ಕೈ ಕಟ್ಟಿಕೊಂಡಿದ್ದರು. ನಾನು ಶರ್ಟು ಹಾಕಿಕೊಂಡು ಹತ್ತಿದೆ. ಹಿಂದೆ ಬಂದೆ. ಇಳಿದೆ, ನೋಡಿದೆ, ಹತ್ತಿದೆ. ನಾಲ್ಕನೇ ಸಲಕ್ಕೆ ತೂತಿಗೆ ತೂತು ಸೇರಿತು. ಪಿನ್ನು ಠಣ್ ಎಂದು ಇಳಿಯಿತು. ಲಾಕು ಇನ್ನೂ ತುಟಿಯಲ್ಲಿತ್ತು.

"ಏನವ್ವಾ, ಆಯ್ತಾ?" ಎಂದರು ಭಾವ.

ನಾನು ಬಗ್ಗಿ ಪಿನ್ನಿನ ತುದಿ ತಡಕುತ್ತಿದ್ದೆ.

"ಆಯ್ತೋ ಇಲ್ವೋ ಹೇಳು! ನೋಡ್ರಪ್ಪಾ, ಮಾತೇ ನಿಂತೋಯ್ತು!"

ಎಲ್ಲರೂ ಗೊಳ್ಳೆಂದರು. ಉತ್ತರ ಗಂಟಲಿಗೆ ಬಂದಿತ್ತು, ಸುಳ್ಳು ಯಾಕೆ. ಬಾಯಿ ತೆಗೆದರೆ ಲಾಕು ಹುಲ್ಲಿನಲ್ಲಿ ಬಿದ್ದು ಕಳೆದುಹೋಗುತ್ತಿತ್ತು. ತೆಗೆಯಲಿಲ್ಲ. ತುದಿಯ ತೂತು ಸಿಕ್ಕಿತು, ಲಾಕು ಹಾಕಿದೆ, ಒಂದು ಸಲ ಎಳೆದು ನೋಡಿದೆ, ಜಾಕಿ ಎತ್ತಿದೆ, ಗಾಲಿಗೆ ಕೊಟ್ಟಿದ್ದ ಕಲ್ಲು ಒದ್ದು ತೆಗೆದೆ. ಆಮೇಲೆ ನೆಟ್ಟಗೆ ನಿಂತುಕೊಂಡೆ.

"ಆಯ್ತು ಭಾವ್ನೋರೆ. ಪಕ್ಕಕ್ಕೆ ನಿಂತ್ಕಳಿ."

ಮನೆ ಮುಂದೆ ಬಂದು ಬಿಚ್ಚುವುದು ಬಾಕಿ ಇತ್ತು. ಟ್ರೈಲರಿನ ಮುಂಭಾಗ ಬಾಗಿಲ ಹತ್ತಿರ ಇತ್ತೆಂದು ಆಳುಗಳು ಮುಂದಿನ ಕಾಯಿಯನ್ನೆಲ್ಲ ಇಳಿಸಿದ್ದರು. ಹಿಂದಿನ ರಾಶಿ ಹಾಗೇ ಇತ್ತು. "ಮಿಕ್ಕಿದ್ದು ನಾಳೆ. ಈಗ ಬಿಚ್ಚು, ನೋಡಾಣ," ಎಂದರು ಭಾವ. ನಾನು ಗಾಲಿಗೆ ಕಲ್ಲು ಕೊಟ್ಟೆ, ಜಾಕಿ ಇಳಿಸಿದೆ, ಲಾಕು ತೆಗೆದು ತುಟಿಗೆ ಹಾಕಿದೆ, ಪಿನ್ನಿಗೆ ಕೈ ಇಟ್ಟೆ. ಪಿನ್ನು ಬಿಗಿಯಾಗಿತ್ತು, ಅಲುಗಲಿಲ್ಲ. "ಸುತ್ತಿಗೇಲಿ ಕೊಡು ಒಂದು," ಎಂದು ಯಾರೋ ಕೂಗಿದರು. ಸುತ್ತಿಗೆ ಎತ್ತಿಕೊಂಡೂ ಆಯಿತು. ಆಗ ಅಣ್ಣನ ಪಾಠ ನೆನಪಾಯಿತು. ನಮ್ಮದು ಎರಡೇ ಗಾಲಿಯ ಟ್ರೈಲರು. ಭಾರ ಹಿಂದೆ ಇದ್ದರೆ ಮೂತಿ ಮೇಲಕ್ಕೆ ಒತ್ತುತ್ತಿರುತ್ತದೆ, ಪಿನ್ನು ಅದಕ್ಕೇ ಬಿಗಿ. ಹೊಡೆದು ತೆಗೆದರೆ ಮೂತಿ ಚಿಮ್ಮಿ ನೇರ ಗದ್ದಕ್ಕೆ ಬರುತ್ತದೆ.

ಅಣ್ಣನ ಕಡೆ ನೋಡಿದೆ. ಅವರು ಆಕಾಶ ನೋಡುತ್ತಿದ್ದರು, ಏನೂ ಗೊತ್ತಿಲ್ಲದವರ ಹಾಗೆ. ಆದರೆ ಒಂದು ಕಾಲು ಮುಂದಕ್ಕೆ ಬಂದಿತ್ತು.

ಸುತ್ತಿಗೆ ಕೆಳಗಿಟ್ಟೆ. ಲಾಕನ್ನು ಮತ್ತೆ ಪಿನ್ನಿಗೇ ಹಾಕಿದೆ. ಆಮೇಲೆ ಬಾಯಿ ತೆಗೆದೆ. "ಬಿಚ್ಚಾಕಿಲ್ಲ ಭಾವ್ನೋರೆ. ಹಿಂದಿನ ಕಾಯಿ ಇಳುಸ್ರಿ ಮೊದ್ಲು. ಇಲ್ದಿದ್ರೆ ನೀವೇ ಬಂದು ಪಿನ್ನು ಕೀಳಿ, ಗದ್ದ ಮುಂದಿಟ್ಕಂಡು."

ಭಾವ ಟ್ರೈಲರಿನ ಹಿಂದೆ ಹೋದರು, ನೋಡಿದರು, ಮೀಸೆ ಸವರಿಕೊಂಡರು. ದಡ್ಡರಲ್ಲ ಅವರು. ಪಂಚೆ ಎತ್ತಿ ಕಟ್ಟಿ, ಮೊದಲ ಬುಟ್ಟಿ ತಾವೇ ಇಳಿಸಿದರು. ಗಾಡಿಯ ಸುದ್ದಿ ಅವತ್ತಿಗೆ ಮುಗಿಯಿತು. ಆಮೇಲೆ ಎಷ್ಟೋ ಸಲ ಅವರ ಟ್ರೈಲರನ್ನೂ ನಾನೇ ಕಟ್ಟಿದ್ದೇನೆ.

ಎಲ್ಲ ಹೋದ ಮೇಲೆ ಅಣ್ಣ ಬೇಲಿ ಹತ್ತಿರ ಬಂದರು. ಚೆನ್ನಾಗಿ ಮಾಡಿದೆ ಎನ್ನಲಿಲ್ಲ. "ನಾಲ್ಕು ಸಲ ಇಳುದೆ. ಮೂರಕ್ಕೆ ಆಗ್ಬೇಕಾಗಿತ್ತು," ಎಂದರು. ಟವಲ್ಲಿನ ತುದಿ ಬಿಚ್ಚಿ ಅವರ ಲಾಕು ತೆಗೆದು ನನ್ನ ಕೈಯಲ್ಲಿಟ್ಟರು. ಹಲ್ಲು ಕಚ್ಚಿದ ಜಾಗ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ಅವರು ಹೋಗಿ ನಾಲ್ಕು ವರ್ಷವಾಯಿತು. ಹೆಚ್ಚು ದಿನ ನರಳಲಿಲ್ಲ, ಒಂದು ಜ್ವರ ಅಷ್ಟೆ. ಸೌದೆ ಸಾಗಿಸಲು ಟ್ರ್ಯಾಕ್ಟರು ಬೇಕಿತ್ತು. ನಾನು ಶರ್ಟು ಹಾಕಿಕೊಂಡು ಹೊರಟೆ. "ಇವತ್ತು ಬ್ಯಾಡ ಕಣವ್ವಾ, ಸುಡುಗಾಡಿಗೆ ಹೆಂಗಸ್ರು ಬರಬಾರ್ದು. ಯಾರಾದ್ರೂ ಹುಡುಗ್ರು ಓಡುಸ್ತಾರೆ," ಎಂದರು ಹಿರಿಯರು. "ಕಲ್ಸಿದ್ದು ಅವರು. ಅವರಿಗೆ ಕಟ್ಟದ ಟ್ರೈಲರು ಇನ್ಯಾರಿಗೆ ಕಟ್ಲಿ? ಬೇಕಾದ್ರೆ ಜಾತಿಯಿಂದ ಹೊರಗೆ ಹಾಕಿ," ಎಂದೆ. ಹಿರಿಯರು ದಾರಿ ಬಿಟ್ಟರು. ಹಿಂದೆ ಬಂದೆ, ಇಳಿದೆ, ಪಿನ್ನು ಇಳಿಸಿದೆ. ಅವರ ಲಾಕು ನನ್ನ ತುಟಿಯಲ್ಲಿತ್ತು. ಅವರ ಮನೆಯಾಕೆ ಒಳಗಿಂದ ಕೂಗಿ ಅತ್ತದ್ದು ಕೇಳಿ ನನಗೂ ಉಕ್ಕಿ ಬಂತು. ಅಳುವ ಹಾಗಿರಲಿಲ್ಲ, ಬಾಯಲ್ಲಿ ಲಾಕಿತ್ತು. ಬಗ್ಗಿ, ಹಾಕಿ, ಎಳೆದು ನೋಡಿ, ಆಮೇಲೆ ಆ ಗಾಲಿಯ ಪಕ್ಕದಲ್ಲೇ ಕೂತು ಅತ್ತೆ.

ಈಗ ಸಂತೋಷದ ಸುದ್ದಿಗೆ ಬರುತ್ತೇನೆ. ನನ್ನ ಮಗಳ ಮಗಳು, ಇಪ್ಪತ್ತೊಂದು ವರ್ಷ, ಓದು ಮುಗಿಸಿ, "ಅಜ್ಜಿ, ತೋಟ ನಾನ್ ನೋಡ್ಕೋತೀನಿ," ಎಂದು ನನ್ನ ಹತ್ತಿರ ಬಂದಿದ್ದಾಳೆ. ಮೊನ್ನೆ ಕಾಯಿ ಹಾಕಿಕೊಂಡು ಅರಸೀಕೆರೆ ಮಾರ್ಕೆಟ್ಟಿಗೆ ಅವಳೇ ಹೊಡೆದಳು, ನಾನು ಪಕ್ಕದ ಮಡ್ಗಾರ್ಡಿನ ಮೇಲೆ ಕೂತಿದ್ದೆ. ಕಾಯಿ ಇಳಿಸಲು ಬಿಚ್ಚಿ ನಿಲ್ಲಿಸಿದ್ದ ಟ್ರೈಲರನ್ನು ಮತ್ತೆ ಕಟ್ಟಬೇಕು. ಇಕ್ಕಟ್ಟು ಜಾಗ, ಹಿಂದೆ ಮುಂದೆ ಲಾರಿಗಳು. ಹಿಂದಿದ್ದ ಲಾರಿಯವನು ಹಾರ್ನು ಒತ್ತಿದ.

"ಏನಮ್ಮಾ, ಆಯ್ತಾ? ಬೇಗ ತೆಗೀಮ್ಮಾ! ಏಯ್, ಮಾತು ಬರಲ್ವಾ?"

ಇವಳು ತುಟಿಯಲ್ಲಿ ಲಾಕು ಕಚ್ಚಿಕೊಂಡು ಬಗ್ಗಿದವಳು ಬಗ್ಗಿಯೇ ಇದ್ದಳು. ಎರಡೇ ಸಲ ಇಳಿದಿದ್ದಳು, ಎರಡೇ! ಲಾಕು ಹಾಕಿ, ಎಳೆದು ನೋಡಿ, ಎದ್ದು, ಜೀನ್ಸಿಗೆ ಕೈ ಒರೆಸಿಕೊಂಡಳು.

"ಆಯ್ತು. ಪಕ್ಕಕ್ಕೆ ನಿಂತ್ಕೊಳಿ."

ಅಯ್ಯೋ, ನಾನು ಆ ಯಾರ್ಡಿನಲ್ಲಿ ಕಂಡಕಂಡವರಿಗೆಲ್ಲ ಹೇಳಿದೆ. ಆ ಲಾರಿಯವನಿಗೂ ಹೇಳಿದೆ, "ನನ್ನ ಮೊಮ್ಮಗಳು ಕಣಪ್ಪಾ!" ಜಾವಗಲ್ಲಲ್ಲಿ ಟೀ ಕುಡಿಯಲು ನಿಂತಾಗ ಅಲ್ಲೂ ಹೇಳಿದೆ. ಮನೆಗೆ ಬಂದು ಅವಳು ಕಲ್ಲು ಕೊಟ್ಟು, ಜಾಕಿ ಇಳಿಸಿ ಬಿಚ್ಚುತ್ತಿದ್ದಾಗಲೂ ನಾನು ಬೇಲಿಯ ಮೇಲಿಂದ ಡ್ರೈವರಣ್ಣನ ಮನೆಯಾಕೆಗೆ ಕೂಗಿ ಕೂಗಿ ಅದನ್ನೇ ಹೇಳುತ್ತಿದ್ದೆ.

"ಅಜ್ಜಿ, ಬಾಯಿ ತೆಗಿ," ಎಂದಳು ಮೊಮ್ಮಗಳು. ತೆಗೆದೆ. ಬಿಚ್ಚಿದ ಲಾಕನ್ನು ನನ್ನ ತುಟಿಗೆ ಇಟ್ಟಳು. "ಸ್ವಲ್ಪ ಹೊತ್ತು ಹಿಡ್ಕೊಂಡಿರು. ಊರೆಲ್ಲಾ ಮಲಗ್ಲಿ."

ಬೇಲಿಯಾಚೆ ಆ ಅಕ್ಕ ಸೆರಗು ಬಾಯಿಗೆ ಒತ್ತಿ ನಕ್ಕರು. ನಾನು ಏನೂ ಹೇಳುವ ಹಾಗಿರಲಿಲ್ಲ. ಕಬ್ಬಿಣ, ಗ್ರೀಸು, ಮಣ್ಣು. ನನ್ನ ಮುಂದಿನ ಹಲ್ಲೊಂದು ಹೋದ ವರ್ಷ ಬಿದ್ದಿದೆ. ಲಾಕು ಆ ಸಂದಿಯಲ್ಲಿ ಸರಿಯಾಗಿ ಕೂತಿತು.