ಕೆಂಪು ಪಟ್ಟಿ, ಹಳದಿ ಪಟ್ಟಿ

ಹೊಳೆನರಸೀಪುರದಿಂದ ಅರಕಲಗೂಡಿನ ಕಡೆಗೆ ಹೋಗುವ ರಸ್ತೆಯ ಪಕ್ಕದ ನರ್ಸರಿಯೊಂದರಲ್ಲಿ ನಾನು ಕೆಲಸಕ್ಕೆ ಸೇರಿ ಒಂಬತ್ತು ವರ್ಷಗಳಾದವು. ಪದವಿ ಮುಗಿಸಿದವನು ಟ್ರೇಗಳಿಗೆ ತೆಂಗಿನ ನಾರಿನ ಪುಡಿ ತುಂಬಲು ಏಕೆ ಬಂದೆ ಎಂದು ಕೇಳಿದವರಿಗೆ ಆಗ ನನ್ನ ಬಳಿ ಮೂರು ಅಂಶಗಳ ಉತ್ತರವಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಶ್ರಮದ ಘನತೆಯ ಪರವಾಗಿ ವಾದಿಸಿ ಗೆದ್ದವನು ನಾನು; ವೇದಿಕೆಯ ಮೇಲೆ ಆಡಿದ್ದನ್ನು ಬದುಕಿ ತೋರಿಸದಿದ್ದರೆ ಆ ಗೆಲುವಿಗೆ ಅರ್ಥವಿಲ್ಲವೆಂದು ನಂಬಿದ್ದೆ. ಈಗಲೂ ನಂಬಿದ್ದೇನೆ. ಉತ್ತರ ಮಾತ್ರ ಚಿಕ್ಕದಾಗಿದೆ: ಈ ಕೆಲಸ ನನಗೆ ಬರುತ್ತದೆ.

ಕಲಿಸಿದವರು ನಾವೆಲ್ಲ ಅಕ್ಕ ಎಂದು ಕರೆಯುವ ಹಿರಿಯ ಕೆಲಸಗಾರ್ತಿ. ಟ್ರೇಯ ಒಂದೊಂದು ಗುಳಿಯಲ್ಲೂ ಒಂದೇ ಬೀಜ, ಅದರ ಮೇಲೆ ತೆಳುವಾಗಿ ಪುಡಿ. ನೀರು ಮೊಳಕೆಯ ಮೇಲೆ ಇಳಿಯಬೇಕೇ ಹೊರತು ಬಡಿಯಬಾರದು. ‘ಅಕ್ಕ ಕೊಟ್ಟ ಸಸಿ’ ಎಂದರೆ ಸುತ್ತಲಿನ ರೈತರು ಎರಡನೆಯ ಮಾತು ಕೇಳುತ್ತಿರಲಿಲ್ಲ. ಅಕ್ಕನಿಗೆ ಓದುಬರಹ ಬರುತ್ತಿರಲಿಲ್ಲ. ಟ್ರೇಗಳನ್ನು ಹಸಿರು ಪರದೆಯ ಅಡಿಯಲ್ಲಿ ಸಾಲಾಗಿ ಇಟ್ಟ ಮೇಲೆ, ಪ್ರತಿ ಸಾಲಿನ ತಲೆಯಲ್ಲಿ ಕಡ್ಡಿ ನೆಟ್ಟು ಹಳೆಯ ಸೀರೆಯಿಂದ ಹರಿದ ಪಟ್ಟಿಯನ್ನು ಕಟ್ಟುತ್ತಿದ್ದರು. ಖಾರದ ಮೆಣಸಿನಕಾಯಿಗೆ ಕೆಂಪು, ಬಜ್ಜಿ ಮೆಣಸಿನಕಾಯಿಗೆ ಹಳದಿ, ಟೊಮೆಟೊಗೆ ಎರಡು ಗಂಟಿನ ನೀಲಿ.

ಎರಡನೆಯ ವರ್ಷ ನಾನು ಊಟದ ಬಿಡುವಿನಲ್ಲಿ ಹೆಂಗಸರಿಗೆ ಅಕ್ಷರ ಕಲಿಸಲು ಆರಂಭಿಸಿದೆ. ಕಲಿಕೆ ಕುಂಟುತ್ತಿತ್ತು. ಅದಕ್ಕೆ ಬಟ್ಟೆಯ ಪಟ್ಟಿಗಳೇ ಕಾರಣವೆಂದು ತೀರ್ಮಾನಿಸಿದೆ.

“ಇನ್ನು ಮೇಲೆ ಈ ಚಿಂದಿ ಕಟ್ಟೋದು ಬೇಡ ಅಕ್ಕ. ಹೆಸರು ಬರೆದ ಚೀಟಿ ನೆಡೋಣ,” ಎಂದೆ.

“ಚಿಂದಿ ಅಲ್ಲ ಮೇಷ್ಟ್ರೇ. ಗುರ್ತು ಅದು.”

ಬಣ್ಣ ನೋಡಿ ಕೆಲಸ ನಡೆಯುವವರೆಗೆ ಅಕ್ಷರದ ಅಗತ್ಯ ಹುಟ್ಟುವುದಿಲ್ಲ, ಅಗತ್ಯವಿಲ್ಲದ ವಿದ್ಯೆ ನಿಲ್ಲುವುದಿಲ್ಲ ಎಂದು ನಾನು ಕ್ರಮವಾಗಿ ವಿವರಿಸಿದೆ. ಅಕ್ಕ ಕೊನೆಯವರೆಗೂ ಕೇಳಿದರು.

“ಆಗ್ಲಿ ಬುಡಿ. ನಿಮ್ಮಂಗೆ ಮಾತಾಡಾಕೆ ನಂಗೆ ಬರಾಕಿಲ್ಲ, ಒಪ್ಕಬೇಕಷ್ಟೆ,” ಎಂದರು.

ಅದನ್ನು ನಾನು ಗೆಲುವೆಂದು ಎಣಿಸಿದೆ. ಪಟ್ಟಿಗಳನ್ನೆಲ್ಲ ಅಕ್ಕನ ಕೈಯಿಂದಲೇ ಬಿಚ್ಚಿಸಿ, ಬಿಳಿ ಪ್ಲಾಸ್ಟಿಕ್ ಚೀಟಿಗಳ ಮೇಲೆ ಸ್ಕೆಚ್ ಪೆನ್ನಿನಿಂದ ಅಂದವಾಗಿ ಹೆಸರು ಬರೆದೆ. ದಿನಕ್ಕೆ ಎರಡು ಬಾರಿ ನೀರು ಬೀಳುವ ಜಾಗದಲ್ಲಿ ಸ್ಕೆಚ್ ಪೆನ್ನಿನ ಶಾಯಿ ಎಷ್ಟು ದಿನ ನಿಂತೀತು ಎಂಬುದು ನನಗೆ ಹೊಳೆಯಲಿಲ್ಲ. ಅಕ್ಷರಗಳು ಮಾಸುತ್ತಿದ್ದಾಗಲೂ, ಯಾವ ಸಾಲು ಎಲ್ಲಿದೆಯೆಂದು ಗೊತ್ತಲ್ಲ ಎಂದು ಸುಮ್ಮನಿದ್ದೆ. ಈ ನಡುವೆ ಒಂದು ಕಡೆ ಪರದೆ ಹರಿದು ಬಿಸಿಲು ಬೀಳತೊಡಗಿತು. ಮೆಣಸಿನ ಎರಡು ಸಾಲುಗಳನ್ನು ಅವಸರದಲ್ಲಿ ಬೇರೆಡೆಗೆ ಸಾಗಿಸಿದೆವು. ಆಮೇಲೆ ನೋಡಿದರೆ ಎರಡು ಸಾಲಿನ ಚೀಟಿಗಳ ಮೇಲೂ ಉಳಿದಿದ್ದದ್ದು ನೀಲಿ ಕಲೆ ಮಾತ್ರ. ಯಾವುದು ಖಾರದ್ದು, ಯಾವುದು ಬಜ್ಜಿಯದು ಎಂದು ಯಾರಿಗೂ ತಿಳಿಯಲಿಲ್ಲ.

ಮರುದಿನವೇ ಖಾರದ ಸಸಿಗೆ ಹೇಳಿಟ್ಟಿದ್ದ ರೈತರೊಬ್ಬರು ಕೊಣನೂರಿನ ಕಡೆಯಿಂದ ಗೂಡ್ಸ್ ಆಟೋ ತಂದರು. ಹೊಲದಲ್ಲಿ ಸಾಲು ಹೊಡೆದು, ನಾಟಿಗೆ ಜನರನ್ನೂ ಗೊತ್ತು ಮಾಡಿದ್ದರು. ಬಜ್ಜಿಯ ಸಸಿ ಹೋದರೆ ಅವರಿಗೆ ತಿಳಿಯುವುದು ಕಾಯಿ ಬಿಟ್ಟ ಮೇಲೆ. ಅಷ್ಟರಲ್ಲಿ ಬೆಳೆಯೂ ಹೋಗಿರುತ್ತದೆ, ಅಕ್ಕನ ಮೇಲಿದ್ದ ನಂಬಿಕೆಯೂ ಹೋಗಿರುತ್ತದೆ.

ತೆಂಗಿನ ಸಸಿ ಇಳಿಸಲು ಬಾಗೂರಿಗೆ ಹೋಗಿದ್ದ ಮಾಲೀಕರಿಗೆ ಫೋನ್ ಮಾಡಿದೆ.

“ಎರಡೂ ಮೆಣಸಿನಕಾಯೇ ಅಲ್ವೇನಯ್ಯಾ. ಯಾವ್ದಾರ ಒಂದು ತುಂಬ್ಸಿ ಕಳ್ಸು,” ಎಂದು ಇಟ್ಟುಬಿಟ್ಟರು.

ಅಕ್ಕ ಎರಡೂ ಸಾಲಿನಿಂದ ಒಂದೊಂದು ಎಲೆ ಕಿತ್ತು, ಉಜ್ಜಿ, ಮೂಸಿ ನೋಡಿ ತಲೆಯಾಡಿಸಿದರು. “ಕಾಯಿ ಬುಡೋಗಂಟ ಇವೆರಡೂ ಒಂದೇ.”

ರೈತರು ಹತ್ತಿರ ಬಂದು, “ಯಾವ ಸಾಲು ತುಂಬ್ಲಿ?” ಎಂದರು. ನಾನು ಅಭ್ಯಾಸಬಲದಿಂದ, ಸಾಮಾನ್ಯವಾಗಿ ಖಾರದ ತಳಿಯ ಕಾಂಡ ಹೇಗಿರುತ್ತದೆ ಎಂದು ಶುರುಮಾಡಿದೆ.

“ಮೇಷ್ಟ್ರೇ,” ಎಂದು ಅಕ್ಕ ತಡೆದರು. “ನಿಮಗೆ ಗೊತ್ತಾ?”

ಮೂರು ವರ್ಷ ವೇದಿಕೆ ಹತ್ತಿದ್ದ ನಾನು ಒಮ್ಮೆಯೂ ಆಡದಿದ್ದ ಮಾತನ್ನು ಅಂದು ಆಡಿದೆ. “ಗೊತ್ತಿಲ್ಲ. ತಪ್ಪು ನನ್ನದು, ಗುರುತು ತೆಗೆಸಿದವನು ನಾನು.”

“ಬಿಚ್ಚಿದ್ದು ನನ್ನ ಕೈ ಕಣಣ್ಣ,” ಎಂದರು ಅಕ್ಕ.

“ಕೈ ಯಾರ್ದಾರ ಆಗ್ಲಿ ತಂಗಿ, ನನ್ನ ಹೊಲಕ್ಕೆ ಸಸಿ ಇಲ್ವಲ್ಲ,” ಎಂದರು ರೈತರು. ಬೈಯಲಿಲ್ಲ; ಬೈದಿದ್ದರೆ ನನಗೆ ಉತ್ತರಿಸುವುದು ಸುಲಭವಿತ್ತು. ಕೊನೆಗೆ ಒಂದೊಂದು ಸಾಲಿನಿಂದ ಒಂದೊಂದು ಟ್ರೇ ಎತ್ತಿಕೊಂಡರು. “ಕೊಟ್ಗೆ ಹಿಂದೆ ಆಕ್ತೀನಿ. ಯಾವ್ದು ಏನೂಂತ ಕಾಯೇ ಏಳ್ಲಿ.”

ಆ ಸಲ ಅವರು ಆ ಹೊಲಕ್ಕೆ ಬೀನ್ಸ್ ಹಾಕಿದರೆಂದು ಆಮೇಲೆ ತಿಳಿಯಿತು. ಮಾಲೀಕರು ನನ್ನನ್ನು ಬೈದರು; ಉಳಿದ ಟ್ರೇಗಳ ಸಸಿಗಳೆಲ್ಲ ಗೊಬ್ಬರದ ಗುಂಡಿಗೆ ಹೋದವು. ಅಕ್ಕ ಮತ್ತೆ ಪಟ್ಟಿ ಕಟ್ಟಿದರು. ಚೀಟಿಯನ್ನೂ ಬಿಡಲಿಲ್ಲ. “ಸೀಸದ ಕಡ್ಡೀಲಿ ಬರ್ದ್ರೆ ನೀರಿಗೆ ಓಗಕಿಲ್ವಂತೆ, ನನ್ನ ಮೊಮ್ಮಗಳು ಅಂದ್ಲು,” ಎಂದು ಪೆನ್ಸಿಲ್ ಕೇಳಿ ಪಡೆದರು. ಊಟದ ಬಿಡುವಿನ ಪಾಠ ಮುಂದುವರಿಯಿತು.

ಮುಂದಿನ ನಾಟಿಯ ಕಾಲಕ್ಕೆ ಆ ರೈತರು ಬರುವರೋ ಇಲ್ಲವೋ ಗೊತ್ತಿರಲಿಲ್ಲ. ಆದರೂ ಅಕ್ಕ ಅವರಿಗೆ ಬೇಕಾಗುವಷ್ಟು ಖಾರದ ಸಸಿಯನ್ನು ಬೇರೆಯಾಗಿ ಇಟ್ಟರು. ರೈತರು ಬಂದರು. ಕೈಚೀಲದಿಂದ ಎರಡು ಹಿಡಿ ಮೆಣಸಿನಕಾಯಿ ತೆಗೆದು, “ಓದ್ಸಲ ಬಲಗಡೆ ಇದ್ದ ಸಾಲೇ ಖಾರದ್ದು ಕಣಯ್ಯ,” ಎಂದು ನನ್ನ ಕೈಗೆ ಹಾಕಿದರು. ಆಮೇಲೆ ನೇರವಾಗಿ ಸಾಲಿನ ತಲೆಗೆ ಹೋಗಿ ಬಗ್ಗಿದರು. ಅಲ್ಲಿ ಕೆಂಪು ಪಟ್ಟಿಯ ಕೆಳಗೆ ಅಕ್ಕ ತಾವೇ ಬರೆದ ಚೀಟಿಯಿತ್ತು: ‘ಕಾರ’. ಮಹಾಪ್ರಾಣವಿರಲಿಲ್ಲ. ತಿದ್ದಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ರೈತರು ಅದನ್ನು ಗಟ್ಟಿಯಾಗಿ ಓದಿ, ಮೊದಲ ಟ್ರೇಯನ್ನು ಎತ್ತಿಕೊಂಡು ಆಟೋದ ಕಡೆಗೆ ನಡೆದರು.