ಕೂಸು ಮಲಗಿಸುವ ಕಾಲು

ಕುಕನೂರಿನ ಸಬೀನಾ ಇಂಜಿನಿಯರ್ ಆದಾಗ, ಇನ್ನು ನಮ್ಮ ರಸ್ತೆ ಸುಧಾರಿಸಿತು ಎಂದು ಓಣಿಯವರು ಖುಷಿಪಟ್ಟಿದ್ದರು. ಅವಳು ಓದಿದ್ದು ಬಯೋಇಂಜಿನಿಯರಿಂಗ್. "ರಸ್ತೆ ಅಲ್ರಿ, ಮೈಗೆ ಬೇಕಾದದ್ದು ಮಾಡ್ತೀವಿ. ಕಿಡ್ನಿ ಸೋತೋರ ರಕ್ತ ತೊಳಿಯೋ ಮಷಿನ್ನು, ಹೃದಯದ ಕವಾಟ, ಸುಟ್ಟ ಗಾಯಕ್ಕ ಹೊಸಾ ಚರ್ಮ, ಎಲ್ಲಾ ನಮ್ಮ ಕೆಲಸಾನ" ಎಂದು ಹೇಳಿ ಹೇಳಿ ಅವಳ ಬಾಯಿ ಸೋತಿತ್ತು. ಅಷ್ಟು ಹರವಾದ ವಿದ್ಯೆಯಲ್ಲಿ ಅವಳ ಪಾಲಿಗೆ ಬಂದದ್ದು ಕಾಲು. ಕೊಪ್ಪಳದ ಸಣ್ಣ ಕೇಂದ್ರವೊಂದರಲ್ಲಿ ಅವಳು ಕೃತಕ ಕಾಲು ಮಾಡುತ್ತಾಳೆ.

ತಳಕಲ್ಲಿನ ಸಣ್ಣವ್ವನಿಗೆ ಸಕ್ಕರೆ ಕಾಯಿಲೆಯಿಂದ ಮೊಣಕಾಲ ಕೆಳಗೆ ಬಲಗಾಲು ಹೋಗಿತ್ತು. ಸಬೀನಾ ಮಾಡಿಕೊಟ್ಟ ಕಾಲಲ್ಲಿ ಮುದುಕಿ ಬಸ್ಸು ಹತ್ತಿ ಇಳಿದಳು. ಸಬೀನಾಗೆ ಜಂಬವೇ ಬಂದಿತ್ತು. ಕೆಲ ತಿಂಗಳ ಮೇಲೆ ವಿಚಾರಿಸಲು ಮನೆಗೆ ಹೋದರೆ, ಆ ಕಾಲು ಬಾಗಿಲ ಹಿಂದೆ ಕಸಬರಿಗೆಯ ಜೊತೆ ನಿಂತಿತ್ತು.

"ಚುಚ್ಚತೈತೇನು ಯವ್ವಾ?"

"ಇಲ್ಲ ಮಗಳ, ನಡಿಯಾಕ ಛಲೋ ಐತಿ. ಆದ್ರ ನಡದು ಯಾರ ಮನಿಗೆ ಹೋಗ್ಲಿ?"

ಊರಿನ ಕೂಸುಗಳಿಗೆಲ್ಲ ಎರೆಯುತ್ತಿದ್ದವಳು ಸಣ್ಣವ್ವ. ಎರಡೂ ಕಾಲು ಚಾಚಿ ಕೂತು, ಕೂಸನ್ನು ಅವುಗಳ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ ಬಿಸಿನೀರು ಹಾಕುವುದೇ ಅವಳ ಬದುಕು. ಈಗ ಒಂದು ಕಡೆ ಮೀನಖಂಡ, ಇನ್ನೊಂದು ಕಡೆ ನುಣ್ಣನೆಯ ಕೊಳವೆ. ಎಣ್ಣೆ ಹಚ್ಚಿದ ಕೂಸು ಜಾರದೆ ಇದ್ದೀತೆ? ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಸಬೀನಾ ಅವಳ ನಡಿಗೆಯನ್ನೆಲ್ಲ ಅಳೆದಿದ್ದಳು, ಕೂತು ಏನು ಮಾಡುತ್ತೀ ಎಂದು ಮಾತ್ರ ಕೇಳಿರಲಿಲ್ಲ. ಅದು ಅವಳನ್ನು ಕಾಡಿತು.

ಎಡಗಾಲಿನ ಅಚ್ಚು ತೆಗೆದು, ಅದಕ್ಕೆ ಜೋಡಿಯಾಗುವಂಥ ಮೆತ್ತನೆಯ ರಬ್ಬರಿನ ಮೀನಖಂಡ ಮಾಡಿದಳು. ನೀರಿಗೆ ಹಾಳಾಗಬಾರದು, ಎಣ್ಣೆಗೆ ಜಾರಬಾರದು, ಕೂತಾಗ ಪಾದ ಮುಂದಕ್ಕೆ ಬಾಗಬೇಕು. ಎಣ್ಣೆ ಸವರಿದ ಜೋಳದ ಚೀಲ ಮಲಗಿಸಿ ನೋಡಿದ್ದೂ ಆಯಿತು. ಆದರೆ ಚೀಲ ಒದೆಯುವುದಿಲ್ಲವಲ್ಲ! "ನನ್ನ ಮೊಮ್ಮಗನ್ನ ಮಾತ್ರ ಕೇಳಬ್ಯಾಡ್ರಿ" ಎಂದು ಸಣ್ಣವ್ವನ ಪಕ್ಕದ ಮನೆಯ ಮಾಳವ್ವ ಮುಂಚೆಯೇ ಹೇಳಿಬಿಟ್ಟಳು. ಅವಳದೇನೂ ತಪ್ಪಿರಲಿಲ್ಲ.

ಮುಂದಿನ ವಾರ ಸಬೀನಾ ತನ್ನ ನಾಲ್ಕು ತಿಂಗಳ ಮಗಳನ್ನೇ ಎತ್ತಿಕೊಂಡು ಬಂದಳು. ಆ ಕಾಲುಗಳ ಮೇಲೆ ಮಲಗಿಸಿದ ಮೇಲೂ ಕೂಸಿನ ಕೆಳಗಿನಿಂದ ಕೈ ತೆಗೆಯಲಿಲ್ಲ.

"ಅಂಜಿಕಿ ಆಗೈತೇನ?" ಸಣ್ಣವ್ವ ಕೇಳಿದಳು.

"ಭಾಳ, ಯವ್ವಾ."

"ನನಗೂ ಆಗೈತಿ. ತಂಬಿಗಿ ಕೊಡು."

ಕೂಸು ಕೈಕಾಲು ಬಡಿಯಿತು, ಕಿರುಚಿತು. ಕೆಳಗಿನ ಎರಡೂ ಕಾಲು ಅಲುಗಲಿಲ್ಲ. ಸಣ್ಣವ್ವ ನೀರು ಹಾಕುತ್ತಲೇ ಅತ್ತಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಾಳವ್ವ ಮನೆಗೆ ಹೋದಳು. ತಿರುಗಿ ಬಂದಾಗ ಅವಳ ಕಂಕುಳಲ್ಲಿ ಮೊಮ್ಮಗನಿದ್ದ, ಅವನ ಮೈಮೇಲೆ ಅಂಗಿ ಇರಲಿಲ್ಲ.